ಅಳಿಯಂದಿರು ಅಡ್ಮಿಟ್ ಆದದ್ದು

ನನ್ನ ಅಳಿಯಂದಿರಿಗೆ ಮನುಷ್ಯರ ಮುಖಕ್ಕಿಂತ ಕಟ್ಟಡಗಳ ಚಾವಣಿ ಚೆನ್ನಾಗಿ ನೆನಪಿರುತ್ತದೆ. ಆರ್ಕಿಟೆಕ್ಟ್ ಅಲ್ಲವೇ, ಕತ್ತು ಮೇಲಕ್ಕೇ ತಿರುಗಿರುತ್ತದೆ. ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಬಾಗಿಲಲ್ಲಿ ಹಲ್ಲು ಕಿರಿದುಕೊಂಡು ನಿಂತಿದ್ದೆ. ಇವರು ನನ್ನ ನೆತ್ತಿಯ ಮೇಲಿಂದ ಒಳಗೆ ನೋಡಿ, "ತೊಲೆ ಗಟ್ಟಿಯಾಗಿದೆ" ಎಂದರು. ನಾನು ಮೈಕೈ ತುಂಬಿಕೊಂಡವಳು. ಹೇಳಿದ್ದು ಮನೆಯ ತೊಲೆಗೋ ನನಗೋ ಎಂದು ಇವತ್ತಿಗೂ ನನಗೆ ಅನುಮಾನವಿದೆ.

ಹಾಗೆಂದು ಕೆಟ್ಟ ಮನುಷ್ಯರಲ್ಲ. ನನ್ನ ಮಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತಾರೆ. ಆದರೆ ತಾವು ಎಳೆದ ಗೆರೆ ತಪ್ಪು ಎಂದರೆ ಮಾತ್ರ ಮೂಗಿನ ತುದಿಗೆ ಕೋಪ ಬಂದು ಕೂರುತ್ತದೆ. ನನಗೂ ಕೋಪ ಅಲ್ಲೇ ಇರುವುದರಿಂದ ನಮ್ಮಿಬ್ಬರಿಗೂ ಆಗಾಗ ಮೂಗು ತಾಗುತ್ತದೆ. ನಾನು ನಿವೃತ್ತ ಡ್ರಿಲ್ ಟೀಚರ್. ಮೈದಾನದ ಆ ಕೊನೆಯಲ್ಲಿ ಸಾಲು ತಪ್ಪಿದವನನ್ನು ಈ ಕೊನೆಯಿಂದಲೇ ಗದರಿಸಿ ಸಾಲಿಗೆ ತಂದವಳು. ಶಾಲೆಯಲ್ಲಿ ಮೈಕು ಕೆಟ್ಟ ದಿನ ರಿಪೇರಿಯವನ ಬದಲು ನನಗೇ ಹೇಳಿಕಳಿಸುತ್ತಿದ್ದರು.

ಅಳಿಯಂದಿರ ಕೈಯಿಂದಾದ ದೊಡ್ಡ ಕೆಲಸವೆಂದರೆ ದೊಡ್ಡಾಸ್ಪತ್ರೆಯ ಎಳೆಗೂಸುಗಳ ಐಸಿಯು. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ಜಾಗ. ಅದಕ್ಕೆ ಇವರು ಇಟ್ಟ ಹೆಸರು 'ಬೆಳಕಿನ ತೊಟ್ಟಿಲು'. ಒಂದೇ ಒಂದು ವಿಶಾಲವಾದ ಹಾಲ್. ಚಾವಣಿಗೆ ಚಾವಣಿಯೇ ಲೈಟು. ಬಿಳಿ ಟೈಲ್ಸ್ ಗೋಡೆ, ಮುಖ ಕಾಣುವಂತೆ ಹೊಳೆಯುವ ಕಲ್ಲಿನ ನೆಲ, ಒಂದು ಕಡೆ ಬಂದವರೆಲ್ಲ ಇಣುಕುವ ಹಾಗೆ ಗಾಜಿನ ಗೋಡೆ. ನಟ್ಟನಡುವೆ ಗುಮ್ಮಟ, ಗುಮ್ಮಟದ ಕೆಳಗೆ ನರ್ಸುಗಳ ಕೌಂಟರ್. ಕೌಂಟರಿನಲ್ಲಿ ಯಾರಾದರೂ ಸೀನಿದರೆ ಗುಮ್ಮಟ ಅದನ್ನು ಎತ್ತಿಕೊಂಡು ಒಂದೊಂದು ಪೆಟ್ಟಿಗೆಗೂ ಹಂಚಿ ಬರುತ್ತಿತ್ತು. ಇಡೀ ಹಾಲಿಗೆ ಒಂದೇ ಸ್ವಿಚ್ಚು. ಗೋಡೆಯ ಮೇಲೆ ಸ್ವಿಚ್ಚುಗಳ ಸಾಲು ಬಂದರೆ ಮುಖಕ್ಕೆ ಮೊಡವೆ ಎದ್ದಂತೆ ಕಾಣುತ್ತದೆ ಎಂದು ಅಳಿಯಂದಿರೇ ಬೇಡವೆಂದಿದ್ದರು. ಹೀಗಾಗಿ ಒಂದು ಕೂಸಿಗೆ ಸೂಜಿ ಚುಚ್ಚಬೇಕಾದರೆ ಎಲ್ಲ ಕೂಸುಗಳ ಕಣ್ಣಿಗೂ ಬೆಳಕು ಚುಚ್ಚುತ್ತಿತ್ತು. ಇದಕ್ಕೆ ಬಹುಮಾನ ಬಂತು. ಬಹುಮಾನದ ಫೋಟೋವನ್ನು ಮಗಳ ಮನೆಯ ಹಜಾರದಲ್ಲಿ, ನನ್ನ ಫೋಟೋ ಇದ್ದ ಮೊಳೆಗೇ ನೇತುಹಾಕಿದರು.

ಆಮೇಲೆ ನನ್ನ ಮಗಳಿಗೆ ಏಳನೇ ತಿಂಗಳಿಗೇ ನೋವು ಬಂತು. ಮೊಮ್ಮಗ ಹುಟ್ಟಿದ. ಹುಟ್ಟಿದವನು ನೇರವಾಗಿ ಅಪ್ಪ ಕಟ್ಟಿದ ತೊಟ್ಟಿಲಿಗೇ ಹೋದ.

ಗೇಣುದ್ದ ಇದ್ದ. ಗೇಣಪ್ಪ ಎಂದು ಕರೆದೆ. ಮಗಳು ಅಳುವುದನ್ನು ಬಿಟ್ಟು ನಕ್ಕಳು. ಆ ಹೆಸರೇ ನಿಂತಿತು. ಮೂಗಿಗೆ ದಾರದಂಥ ಕೊಳವೆ, ಕಾಲಿಗೆ ವೈರು, ತಲೆಗೆ ನಿಂಬೆಹಣ್ಣಿಗೆ ಹಾಕಿದಂತೆ ಒಂದು ಟೋಪಿ. ಮಕ್ಕಳ ಡಾಕ್ಟರಮ್ಮ ಒಳ್ಳೆಯ ಮನಸ್ಸಿನ ಹುಡುಗಿ. ಮಗಳನ್ನು ಕೂರಿಸಿಕೊಂಡು ಬಿಡಿಸಿ ಹೇಳಿದಳು.

"ನೋಡಿ, ಇವ್ನಿಗೆ ಔಷಧಿಗಿಂತ ನಿದ್ದೆ ಬೇಕು. ನಿದ್ದೇಲೇ ಬೆಳೆಯೋದು. ಬೆಚ್ಚಿಬಿದ್ದಾಗೆಲ್ಲ ಉಸಿರು ಮರೀತಾನೆ, ಆಕ್ಸಿಜನ್ ಇಳಿಯುತ್ತೆ. ಒಂದಿಡೀ ದಿನ ಹಾಗಾಗ್ದೇ ಇದ್ರೆ ನಿಮ್ಮ ಎದೆ ಮೇಲೆ ಮಲಗಿಸ್ತೀನಿ."

ಅಷ್ಟೇ. ಒಂದು ದಿನ. ಮಗಳಿಗೆ ಆಮೇಲೆ ಬೇರೆ ಯೋಚನೆಯೇ ಇರಲಿಲ್ಲ. ಹೆತ್ತಿದ್ದಳು, ಆದರೆ ಎತ್ತಿಕೊಂಡಿರಲಿಲ್ಲ. ಪೆಟ್ಟಿಗೆಯ ದುಂಡನೆಯ ಕಿಂಡಿಯಿಂದ ಒಂದು ಬೆರಳು ತೂರಿಸಿ ಅವನ ಅಂಗೈಗೆ ಕೊಡುವುದಷ್ಟೇ ಅವಳ ಪಾಲಿಗೆ ಬಂದ ತಾಯ್ತನ. ದಿನವೂ ಬೆಳಿಗ್ಗೆ ಸ್ನಾನ ಮಾಡಿ, ಮುಂದೆ ಗುಂಡಿ ಇರುವ ಅಂಗಿ ಹಾಕಿಕೊಂಡು, "ಇವತ್ತು ಕೊಡ್ತಾರಮ್ಮ" ಎಂದು ಹೋಗಿ ಕೂರುವಳು. ದಿನವೂ ಏನಾದರೊಂದು ಕಲ್ಲು ಬೀಳುತ್ತಿತ್ತು. ಕಾಲಲ್ಲಿ ಒತ್ತುವ ಸ್ಟೀಲ್ ಕಸದ ಡಬ್ಬಿಯ ಮುಚ್ಚಳ ಠಣ್ಣೆನ್ನುವುದು. ಕೌಂಟರಿನ ಫೋನು ಬಡಿದುಕೊಳ್ಳುವುದು. ಇಲ್ಲವೇ ಯಾರೋ ಫೈಲನ್ನು ಪೆಟ್ಟಿಗೆಯ ನೆತ್ತಿಯ ಮೇಲೇ ಧೊಪ್ಪನೆ ಇಡುವರು. ಗೇಣಪ್ಪ ಬೆಚ್ಚುವನು, ಮಾನಿಟರಿನ ಅಂಕಿ ಜಾರುವುದು, ಮಾನಿಟರೂ ಬೊಬ್ಬೆ ಹಾಕುವುದು. ಮಗಳು ಗುಂಡಿ ಹಾಕಿಕೊಂಡು ಮನೆಗೆ ಬರುವಳು. ಒಂದು ದಿನವಂತೂ ತಪ್ಪು ನನ್ನದೇ. ಮೊಮ್ಮಗ ಆಕಳಿಸಿದ್ದು ನೋಡಿ, "ಅಯ್ಯೋ ನನ್ನ ರಾಜಾ" ಎಂದುಬಿಟ್ಟೆ. ಪಿಸುಗುಟ್ಟಿದೆ ಎಂದೇ ನನ್ನ ಲೆಕ್ಕ. ಮೂರು ಮಾನಿಟರುಗಳು ಕೂಗಿಕೊಂಡವು.

ವಾರ್ಡಿನ ಯಜಮಾನಿಕೆ ದೊಡ್ಡ ಸಿಸ್ಟರದ್ದು. ಹೆಸರಿಗೆ ತಕ್ಕಂತೆ ಎತ್ತರವೂ ಅಗಲವೂ ಇದ್ದರು. ಕೈಯಲ್ಲಿ ಸದಾ ಬೀಗದ ಕೈಗೊಂಚಲು, ಅದರ ಝಲ್ ಝಲ್ ಕೇಳಿಯೇ ಕಿರಿಯ ನರ್ಸುಗಳು ನೆಟ್ಟಗಾಗುತ್ತಿದ್ದರು. ಅವರು ನನ್ನನ್ನು ರಟ್ಟೆ ಹಿಡಿದು ಹೊರಗೆ ಕರೆತಂದರು.

"ನೀವೇನು ಬಾಯೊಳಗೆ ಗಂಟೆ ಕಟ್ಕೊಂಡಿದೀರಾ?"

"ನೀವು ಕೈಲಿ ಕಟ್ಕೊಂಡಿದೀರಲ್ಲ" ಎಂದೆ, ಗೊಂಚಲು ತೋರಿಸಿ.

ಅವರು ಗೊಂಚಲು ನೋಡಿದರು, ನನ್ನನ್ನು ನೋಡಿದರು. ಇಬ್ಬರಿಗೂ ನಗು ಬಂತು. ಅಂದಿನಿಂದ ನಾವಿಬ್ಬರೂ ಒಂದು ಪಾರ್ಟಿ.

ಗೋಡೆಯ ಮೇಲಿದ್ದ ಕಿವಿಯ ಕಥೆಯನ್ನು ನನಗೆ ಹೇಳಿದವರೂ ಅವರೇ. ಮೊರದಗಲದ ಪ್ಲಾಸ್ಟಿಕ್ ಕಿವಿ ಅದು. ಸದ್ದು ಕಡಿಮೆಯಿದ್ದರೆ ಹಸಿರು, ಹೆಚ್ಚಿದರೆ ಕೆಂಪು. ಸದ್ದಿನ ಬಗ್ಗೆ ದೂರು ಬಂದಾಗ ಆಸ್ಪತ್ರೆಯ ಡೈರೆಕ್ಟರ್ ಸಾಹೇಬರು ತರಿಸಿದ್ದಂತೆ. ಕೆಂಪಾದಾಗ ಎಲ್ಲರ ಗಮನಕ್ಕೆ ಬರಲೆಂದು ಅದು ಪೀಂ ಎಂದು ಕೂಗುವ ಏರ್ಪಾಡೂ ಇತ್ತು. ಕಿವಿ ಕೂಗಿತು. ತನ್ನ ಕೂಗು ತನಗೇ ಕೇಳಿಸಿ ಇನ್ನೊಂದು ಸಲ ಕೂಗಿತು. ಹೀಗೆ ಒಂದು ಮಧ್ಯಾಹ್ನವೆಲ್ಲ ತನ್ನ ಮೇಲೆ ತಾನೇ ದೂರು ಹೇಳಿಕೊಂಡಿತು. ದೊಡ್ಡ ಸಿಸ್ಟರ್ ಅದರ ಕೂಗುವ ವೈರು ಕತ್ತರಿಸಿದರು. ಆಮೇಲೂ ಅದು ಮೌನವಾಗಿ ಕೆಂಪಗೇ ಇತ್ತು. ಬಂದವರಿಗೆ ಕೆಂಪು ಕಂಡರೆ ಮರ್ಯಾದೆ ಏನು ಎಂದು ಡೈರೆಕ್ಟರ್ ಸಾಹೇಬರು ರೇಗಿದರು. ಸಿಸ್ಟರ್ ಕಿವಿಗೆ ಹತ್ತಿ ತುರುಕಿದರು. ಅಂದಿನಿಂದ ಹಸಿರೋ ಹಸಿರು. ಸಾಹೇಬರಿಗೆ ಪರಮ ಸಂತೋಷ.

ಇಷ್ಟೆಲ್ಲ ಆದರೂ ಅಳಿಯಂದಿರ ಹತ್ತಿರ ಬಾಯಿಬಿಡುವ ಹಾಗಿರಲಿಲ್ಲ. ಒಂದು ಸಂಜೆ ಕೇಳಿಯೇಬಿಟ್ಟೆ.

"ಅಲ್ಲಾ ಅಳಿಯಂದ್ರೆ, ಇನ್ನೂ ಎರಡು ತಿಂಗಳು ಕತ್ತಲಲ್ಲಿ ಇರಬೇಕಾದೋನು ಅವನು. ಅವಸರ ಮಾಡ್ಕೊಂಡು ಬಂದ ಅಂತ ಮುಖಕ್ಕೆ ಟಾರ್ಚ್ ಹಿಡ್ಕೊಂಡು ನಿಲ್ಲೋದಾ?"

"ಅತ್ತೆ, ಬೆಳಕು ಅಂದ್ರೆ ಆರೋಗ್ಯ. ಡಾಕ್ಟ್ರಿಗೆ ನೆರಳು ಬೀಳದ ಹಾಗೆ ಮಾಡಿದೀನಿ. ಹಳೇ ವಾರ್ಡು ಗುಹೆ ಥರ ಇತ್ತು, ಗೊತ್ತಾ?"

"ಗುಹೇಲಿ ಯಾರಿಗಾದ್ರೂ ನಿದ್ದೆ ಬರ್ತಿತ್ತೇನೋ."

"ಮೂರು ಜನ ತಜ್ಞರು ನಿಂತು ನೋಡಿ ಬಹುಮಾನ ಕೊಟ್ಟಿದಾರೆ."

"ನಿಂತು ನೋಡಿದ್ರಾ?" ಎಂದೆ. ಅಲ್ಲೇ ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ಇವರೂ ಹಾಗೇ ಅಲ್ಲವೇ? ದಿನವೂ ಬರುತ್ತಿದ್ದರು, ಪೆಟ್ಟಿಗೆಯ ಪಕ್ಕ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು, ಒಂದು ಗಳಿಗೆ ಮಗನನ್ನು ನೋಡಿ ಉಳಿದ ಹೊತ್ತೆಲ್ಲ ಚಾವಣಿ ನೋಡುತ್ತಿದ್ದರು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಮಗಳು ಬೇರೆಯೇ ಹೇಳಿದಳು. "ಬೈಬೇಡಮ್ಮ. ಅವರಿಗೆ ಅವನನ್ನ ನೋಡೋಕೆ ಧೈರ್ಯ ಸಾಲ್ತಿಲ್ಲ. ಅದಕ್ಕೇ ಮೇಲೆ ನೋಡ್ತಾರೆ." ಅದು ಕೇಳಿದ ಮೇಲೆ ಬೈಯುವುದನ್ನು ಬಿಟ್ಟೆ. ಆದರೆ ಹೊಕ್ಕ ಹುಳ ಹೊರಗೆ ಬರಲಿಲ್ಲ.

ಮರುದಿನ ಬೇರೊಂದು ಆಸ್ಪತ್ರೆಯವರು ಇದೇ ನಕ್ಷೆಯಲ್ಲಿ ತಾವೂ ಕಟ್ಟಿಸಬೇಕೆಂದು ನೋಡಲು ಬರುವವರಿದ್ದರು. ಅಳಿಯಂದಿರು ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡಿದ್ದರು. ನಾನು ದೊಡ್ಡ ಸಿಸ್ಟರ್ ಕಿವಿಯಲ್ಲಿ ನನ್ನ ಯೋಜನೆ ಊದಿದೆ. ಅವರ ಹೊಟ್ಟೆ ಕುಲುಕಾಡಿತು. ಮರುಕ್ಷಣವೇ ಮುಖ ಗಂಭೀರವಾಯಿತು.

"ಒಂದು ಮಾತು. ಒಂದು ಸದ್ದೂ ಜಾಸ್ತಿ ಮಾಡೋ ಹಾಗಿಲ್ಲ. ಮಕ್ಕಳಿದಾವೆ."

"ಜಾಸ್ತಿ ಯಾಕೆ? ನಿಮ್ಮ ಮಾಮೂಲಿ ಬೆಳಗಿನ ಗಲಾಟೆ ಸಾಕಲ್ಲ."

ಅವರು ಒಮ್ಮೆ ಹಾಲಿನ ಕಡೆ ತಿರುಗಿ ನೋಡಿದರು. ಆಮೇಲೆ, "ಹೌದು, ಸಾಕು" ಎಂದರು.

ಬೆಳಿಗ್ಗೆ ಅತಿಥಿಗಳಿಗಿಂತ ಮೊದಲೇ ಅಳಿಯಂದಿರು ಬಂದರು. ಗೇಣಪ್ಪನ ಪೆಟ್ಟಿಗೆಯ ಪಕ್ಕದ ಜಾಗ ಖಾಲಿಯಿತ್ತು. ಅಲ್ಲಿಗೆ ಸಿಸ್ಟರ್ ಆಗಲೇ ಒಂದು ಮಂಚ ತಳ್ಳಿಸಿಟ್ಟಿದ್ದರು. ನಾನು ಮೇಲೆ ನೋಡುತ್ತಾ ಲೊಚಗುಟ್ಟಿದೆ.

"ಏನತ್ತೆ?"

"ಏನಿಲ್ಲ ಬಿಡಿ. ಆ ಲೈಟುಗಳ ಮಧ್ಯದ ಗೆರೆ ಸೊಟ್ಟಗಿದೆ ಅಂತ ಅನ್ನಿಸ್ತು."

ಅಳಿಯಂದಿರ ಮುಖದ ಬಣ್ಣ ಹೋಯಿತು. ಆ ಕಡೆ ನಿಂತು ನೋಡಿದರು, ಈ ಕಡೆ ನಿಂತು ನೋಡಿದರು, ಒಂದು ಕಣ್ಣು ಮುಚ್ಚಿ ನೋಡಿದರು. "ನೆಟ್ಟಗೇ ಇದೆಯಲ್ಲ?"

"ನಿಂತ್ರೆ ಹಾಗೇ ಕಾಣುತ್ತೆ. ಮಲಗಿ ನೋಡ್ಬೇಕು. ಬಂದೋರಲ್ಲಿ ಯಾರಾದ್ರೂ ನೋಡಿಬಿಟ್ರೆ?"

ಮಂಚ ಹತ್ತಿದರು ನೋಡಿ! "ಶೂ ಸಾರ್, ಇನ್‌ಫೆಕ್ಷನ್" ಎಂದು ಸಿಸ್ಟರ್ ಶೂ ಬಿಚ್ಚಿಸಿದರು. "ಹೊರಗಿನ ಬಟ್ಟೆ ಸಾರ್, ಇನ್‌ಫೆಕ್ಷನ್" ಎಂದು ಕತ್ತಿನವರೆಗೆ ಬಟ್ಟೆ ಹೊದಿಸಿದರು. ಎಳೆಗೂಸುಗಳನ್ನು ಸುತ್ತಿ ಪಳಗಿದ ಕೈ. ಅಳಿಯಂದಿರು ಬಾಯಿ ತೆರೆಯುವಷ್ಟರಲ್ಲಿ ಎರಡೂ ಕೈಗಳು ಒಳಗೆ, ಬಟ್ಟೆಯ ಎರಡೂ ಅಂಚು ಬೆನ್ನಡಿಗೆ. ಒಂದು ಬೆರಳು ಮಾತ್ರ ಹೊರಗೆಳೆದು ಅದಕ್ಕೆ ಕ್ಲಿಪ್ಪು ಸಿಕ್ಕಿಸಿದರು. ತಲೆಯ ಹತ್ತಿರದ ಮಾನಿಟರಿನಲ್ಲಿ ಅವರ ನಾಡಿಬಡಿತ ಮೂಡಿತು.

"ಇದ್ಯಾಕೆ ಸಿಸ್ಟರ್?"

"ರೂಲ್ಸ್ ಸಾರ್. ಇಲ್ಲಿ ಮಲಗಿದೋರಿಗೆಲ್ಲ ಹಾಕ್ಲೇಬೇಕು."

"ಗೆರೆ ನೆಟ್ಟಗಿದೆ ಅತ್ತೆ. ಬಿಚ್ಚಿಸಿ."

"ಸ್ವಲ್ಪ ಹೊತ್ತು ನೋಡಿ. ಕಣ್ಣಿಗೆ ಅಭ್ಯಾಸ ಆಗ್ಲಿ" ಎಂದು ನಾನು ಸ್ಟೂಲ್ ಎಳೆದುಕೊಂಡು ಕೂತೆ. ಅಷ್ಟರಲ್ಲಿ ಮಾಮೂಲಿ ಬೆಳಗಿನ ಗಲಾಟೆ ಶುರುವಾಯಿತು.

ಮೊದಲು ಫೋನು. ಗುಮ್ಮಟ ಅದನ್ನು ತಂದು ಅಳಿಯಂದಿರ ಹಣೆಯ ಮೇಲೆ ಸುರಿಯಿತು. ಆಮೇಲೆ ಕಸದ ಡಬ್ಬಿ. ಆಮೇಲೆ ಒಂದು ಚಕ್ರ ಕಿರುಗುಟ್ಟುವ ಟ್ರಾಲಿ, ಹೊಳೆಯುವ ನೆಲದ ಮೇಲೆ ಆ ತುದಿಯಿಂದ ಈ ತುದಿಗೆ. ಅಳಿಯಂದಿರು ಕಣ್ಣು ಮುಚ್ಚಿಕೊಂಡರು. ಮುಚ್ಚಿದ ರೆಪ್ಪೆಗಳ ಒಳಗೂ ಬೆಳಕು ನುಗ್ಗಿರಬೇಕು, ಮುಖ ಕಿವುಚಿ ಆ ಕಡೆ ತಿರುಗಿಸಿದರು. ಆ ಕಡೆಯೂ ಚಾವಣಿಯೇ. ಡಾಕ್ಟರುಗಳ ತಂಡ ರೌಂಡ್ಸ್‌ಗೆ ಬಂತು. ಪಕ್ಕದಲ್ಲೇ ನಿಂತು ಯಾವುದೋ ಕೇಸಿನ ಮಾತು, ನಡುವೆ ಯಾರದೋ ಜೋಕು, ಘೊಳ್ಳೆಂದು ನಗು. ಕಿರಿಯ ನರ್ಸು ಅಭ್ಯಾಸಬಲದಿಂದ ಸ್ಟೀಲ್ ಟ್ರೇಯನ್ನು ಇವರ ಕಿವಿಯ ಪಕ್ಕದಲ್ಲೇ ಇಟ್ಟಳು. ಮಾನಿಟರಿನ ಅಂಕಿ ಮೇಲೆ ಹಾರಿತು. ಮಾನಿಟರು ಕೂಗಿತು. ಇನ್ನೊಬ್ಬಳು ನರ್ಸು ಬಂದು, ಅಳಿಯಂದಿರ ಮುಖವನ್ನೂ ನೋಡದೆ ಗುಂಡಿ ಒತ್ತಿ ಕೂಗು ನಿಲ್ಲಿಸಿ ಹೋದಳು.

"ಅತ್ತೆ, ಮೂಗು ಕೆರೀಬೇಕು" ಎಂದರು ದೀನರಾಗಿ.

"ಕೂಸುಗಳು ಮಾತಾಡಲ್ಲ ಅಳಿಯಂದ್ರೆ."

ನನಗೆ ಎಷ್ಟು ಖುಷಿಯಾಗಿತ್ತೆಂದರೆ, ಪಾಪದ ಲೆಕ್ಕ ಬರೆಯುವವರಿದ್ದರೆ ಬರೆದುಕೊಳ್ಳಲಿ. ಇನ್ನೇನು ಬೈಗುಳ ಶುರುವಾಗುತ್ತದೆ ಎಂದು ಕಾದೆ. ಶುರುವಾಗಲಿಲ್ಲ. ಅಳಿಯಂದಿರು ಬೆಳಕು ತಪ್ಪಿಸಿಕೊಳ್ಳಲು ಇನ್ನೊಂದು ಕಡೆ ಮುಖ ತಿರುಗಿಸಿದ್ದರು. ಅಲ್ಲಿ, ತಮ್ಮ ಮುಖದ ಎತ್ತರಕ್ಕೆ ಸರಿಯಾಗಿ, ಗೇಣಪ್ಪ ಮಲಗಿದ್ದ.

ಕಸದ ಡಬ್ಬಿ ಠಣ್ಣೆಂದಿತು. ಅಪ್ಪ ಬೆಚ್ಚಿದರು. ಮಗನೂ ಬೆಚ್ಚಿದ. ಎರಡು ಪುಟ್ಟ ಕೈಗಳು ಬದಿಗೆ ಹಾರಿದವು, ಬೆರಳುಗಳೆಲ್ಲ ಬಿಚ್ಚಿಕೊಂಡವು, ಬೀಳುವವನು ಏನಾದರೂ ಸಿಕ್ಕೀತೇ ಎಂದು ತಡಕಾಡುವಂತೆ. ಆಮೇಲೆ ಎದೆಯ ಏರಿಳಿತ ನಿಂತಿತು. ತುಟಿ ನೀಲಿಗಟ್ಟಿತು. ಅಂಕಿ ಇಳಿಯತೊಡಗಿತು. ದೊಡ್ಡ ಸಿಸ್ಟರ್ ಎರಡೇ ಹೆಜ್ಜೆಗೆ ಬಂದು ಕಿಂಡಿಯಿಂದ ಕೈಹಾಕಿ ಪಾದ ತಟ್ಟಿದರು. ಗೇಣಪ್ಪ ಉಸಿರೆಳೆದುಕೊಂಡ.

"ಯಾವಾಗ್ಲೂ ಹೀಗೇ ಆಗುತ್ತಾ?" ಅಳಿಯಂದಿರ ದನಿ ಬೇರೆಯಾಗಿತ್ತು.

"ದಿನಾ" ಎಂದಳು ನನ್ನ ಮಗಳು. ಅವಳು ಪೆಟ್ಟಿಗೆಯ ಆ ಬದಿಯಲ್ಲಿ ಅದೇ ಗುಂಡಿಯ ಅಂಗಿಯಲ್ಲಿ ಕೂತಿದ್ದಳು.

ಅಳಿಯಂದಿರಿಗೆ ಕಣ್ಣೀರು ಬಂತು. ಮಲಗಿದವರ ಕಣ್ಣೀರು ಕೆನ್ನೆಗಿಳಿಯುವುದಿಲ್ಲವಲ್ಲ, ಅಡ್ಡ ಹರಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲು ಕೈಯೂ ಇರಲಿಲ್ಲ. ನಾನು ಸೆರಗಿನ ತುದಿಯಿಂದ ಒರೆಸಿದೆ. ನನ್ನ ಖುಷಿ ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಕಟ್ಟು ಬಿಚ್ಚೋಣ ಎಂದು ಕೈ ಹಾಕಿದೆ. ಅಷ್ಟರಲ್ಲಿ ಬಾಗಿಲು ತೆರೆಯಿತು.

ಡೈರೆಕ್ಟರ್ ಸಾಹೇಬರು, ಹಿಂದೆ ಅತಿಥಿಗಳು. ಸಾಹೇಬರು ಮಂಚದ ಮೇಲಿನ ಬಿಳಿ ಗಂಟನ್ನು ನೋಡಿ ನಿಂತರು. "ಇದ್ಯಾರು ಇದು?"

"ಹೊಸ ಅಡ್ಮಿಷನ್ ಸಾರ್" ಎಂದರು ದೊಡ್ಡ ಸಿಸ್ಟರ್.

"ತೂಕ ಒಂಚೂರು ಜಾಸ್ತಿ" ಎಂದೆ ನಾನು.

ಸಾಹೇಬರಿಗೆ ಗುರುತು ಸಿಕ್ಕಿತು. ಇಂಗು ತಿಂದ ಮಂಗನ ಮುಖವಾಯಿತು. ಅತಿಥಿಗಳ ಗಮನ ಬೇರೆಡೆ ಸೆಳೆಯಲು ಗೋಡೆಯ ಕಡೆ ಕೈ ತೋರಿಸಿ, "ನೋಡಿ, ನಮ್ಮಲ್ಲಿ ಸದ್ದು ಅಳೆಯೋ ಕಿವಿ ಇದೆ. ಯಾವಾಗ್ಲೂ ಹಸಿರೇ" ಎಂದರು. ನಾನು ಎದ್ದುಹೋಗಿ, ಕಿವಿಯೊಳಗೆ ಬೆರಳು ಹಾಕಿ ಹತ್ತಿ ಎಳೆದೆ. ಎಳೆದಷ್ಟೂ ಬಂತು, ಒಂದು ದಿಂಬಿಗಾಗುವಷ್ಟು. ಕಿವಿ ಕೆಂಪಗಾಯಿತು.

"ಏನಮ್ಮಾ ಇದು!" ಎಂದು ಸಾಹೇಬರು ಅಬ್ಬರಿಸಿದರು.

"ಷ್ಷ್" ಎಂದರು ಮಂಚದಿಂದ ಅಳಿಯಂದಿರು. "ಸಾರ್, ಮೆತ್ತಗೆ. ಮಗು ಮಲಗಿದೆ. ಆ ಲೈಟು ಆರ್ಸಿ."

"ಇವನ ಮೇಲಿಂದು ಮಾತ್ರ ಆರ್ಸೋಕಾಗಲ್ಲ ಸಾರ್" ಎಂದರು ಸಿಸ್ಟರ್. "ಆರ್ಸಿದ್ರೆ ಎಲ್ಲಾ ಆರುತ್ತೆ. ಇಡೀ ಹಾಲಿಗೆ ಒಂದೇ ಸ್ವಿಚ್ಚು ಕೊಟ್ಟಿದಾರೆ ಪುಣ್ಯಾತ್ಮರು."

"ಗೊತ್ತು ಸಿಸ್ಟರ್. ಆ ಕತ್ತೆ ನಾನೇ" ಎಂದರು ಅಳಿಯಂದಿರು. ನನ್ನ ಆಯುಸ್ಸಿನಲ್ಲಿ ಅವರ ಬಾಯಿಂದ ಬಂದ ಅತಿ ಒಳ್ಳೆಯ ಮಾತು ಅದು. ಆಮೇಲೆ ಅತಿಥಿಗಳ ಕಡೆ ಕತ್ತು ಹೊರಳಿಸಿ, "ದಯವಿಟ್ಟು ಇದನ್ನ ನಕಲು ಮಾಡ್ಬೇಡಿ. ಮೊದ್ಲು ಒಬ್ಬೊಬ್ಬರೇ ಬಂದು ಇಲ್ಲಿ ಮಲಗಿ" ಎಂದರು.

ಯಾರೂ ಮಲಗಲಿಲ್ಲ. ಆದರೆ ಎಲ್ಲರೂ ಪಿಸುಮಾತಿಗೆ ಇಳಿದರು, ಹಿಮ್ಮಡಿ ಎತ್ತಿ ಹೊರಗೆ ನಡೆದರು.

ಕಟ್ಟು ಬಿಚ್ಚಿದ ಮೇಲೆ ಅಳಿಯಂದಿರು ಬರಿಗಾಲಲ್ಲೇ ಹೋಗಿ ಎಲೆಕ್ಟ್ರಿಷಿಯನ್‌ನನ್ನು ಕರೆತಂದರು. ಅವತ್ತು ಸಾಯಂಕಾಲಕ್ಕೇ ಗೇಣಪ್ಪನ ಸಾಲಿನ ಮೇಲಿನ ಲೈಟುಗಳು ಸತ್ತವು. ಆಮೇಲೆ ಇವರಿಗೆ ಹುಚ್ಚು ಹಿಡಿದಂತಾಯಿತು. ಪೆಟ್ಟಿಗೆಗೊಂದು ಪುಟ್ಟ ದೀಪ, ದೀಪಕ್ಕೊಂದು ಸ್ವಿಚ್ಚು. ಗೋಡೆಗೆ ಸಾಲಾಗಿ ಮೊಡವೆ ಎದ್ದವು. ಪೆಟ್ಟಿಗೆಗಳಿಗೆ ದಪ್ಪ ಬಟ್ಟೆಯ ಕುಲಾವಿ ಬಂತು. ಫೋನನ್ನೂ ರೌಂಡ್ಸಿನ ಹರಟೆಯನ್ನೂ ಹೊರಗಿನ ಕೋಣೆಗೆ ಅಟ್ಟಿದರು. ಗುಮ್ಮಟದೊಳಗೆ ಸದ್ದು ಹೀರುವ ಮೆತ್ತೆ ಬಡಿಸುವಾಗ ಡೈರೆಕ್ಟರ್ ಸಾಹೇಬರು, "ಬಹುಮಾನದ ಫೋಟೋ ಏನ್ರೀ ಮಾಡೋದು?" ಎಂದು ಗೋಳಾಡಿದರು. ಅಳಿಯಂದಿರು ಸೊಪ್ಪು ಹಾಕಲಿಲ್ಲ. ದೊಡ್ಡ ಸಿಸ್ಟರ್ ಗೊಂಚಲು ಬಿಚ್ಚಿ ಒಂದೇ ಕೀಲಿ ಇಟ್ಟುಕೊಂಡರು. ನನಗೆ ಮಾತ್ರ ಯಾವ ಮೆತ್ತೆಯೂ ಹೊಂದಲಿಲ್ಲ. ಕೊನೆಗೆ ಬಾಯಿಗೆ ಮಾಸ್ಕು ಹಾಕಿ, ಅದರ ಮೇಲೆ ಇನ್ನೊಂದು ಹಾಕಿ ಒಳಗೆ ಬಿಟ್ಟರು.

ಎಲ್ಲವೂ ಒಂದೇ ಏಟಿಗೆ ಸರಿಹೋಗಲಿಲ್ಲ. ಮೆತ್ತೆ ಬಡಿಯುವ ದಿನವೇ ಬಡಿತದ ಸದ್ದಿಗೆ ಗೇಣಪ್ಪನ ಉಸಿರು ನಿಂತು, ಅಳಿಯಂದಿರು ಕೆಲಸದವರ ಕಾಲಿಗೆ ಬೀಳುವುದೊಂದು ಬಾಕಿ. ಪೆಟ್ಟಿಗೆಗಳನ್ನೆಲ್ಲ ಪಕ್ಕದ ಕೋಣೆಗೆ ಸಾಗಿಸಿ ಆಮೇಲೆ ಬಡಿದರು. ಮಗಳು ಆ ದಿನವೂ ಗುಂಡಿ ಹಾಕಿಕೊಂಡು ಮನೆಗೆ ಬಂದಳು.

ಅದಾಗಿ ಕೆಲವು ದಿನಕ್ಕೆ ಒಂದು ಮಧ್ಯಾಹ್ನ ಡಾಕ್ಟರಮ್ಮ ಮಾನಿಟರಿನ ದಾಖಲೆಯನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಹಿಂದಿನ ದಿನದಿಂದ ಅಂಕಿ ಒಂದು ಸಲವೂ ಇಳಿದಿರಲಿಲ್ಲ. ಮಗಳ ಕಡೆ ತಿರುಗಿ, "ಕೂತ್ಕೊಳ್ಳಿ" ಎಂದಳು, ಅಷ್ಟೇ. ಅವಸರಕ್ಕೆ ಮಗಳ ಬೆರಳಿಗೆ ಒಂದು ಗುಂಡಿಯೂ ಸಿಗಲಿಲ್ಲ, ಎಲ್ಲವನ್ನೂ ನಾನೇ ಬಿಚ್ಚಬೇಕಾಯಿತು.

ಒರಗುಕುರ್ಚಿಯಲ್ಲಿ ಅವಳನ್ನು ಒರಗಿಸಿದರು. ದೊಡ್ಡ ಸಿಸ್ಟರ್ ಎರಡು ಅಂಗೈಗಳಲ್ಲಿ ಗೇಣಪ್ಪನನ್ನು ವೈರುಗಳ ಸಮೇತ ಎತ್ತಿ ತಂದು ಅವಳ ಎದೆಯ ಮೇಲೆ ಕಪ್ಪೆಮರಿಯ ಹಾಗೆ ಕವುಚಿ ಹಾಕಿ, ಬಟ್ಟೆ ಹೊದಿಸಿದರು. ಅವನು ಒಂದು ಸಲ ಮುಖ ಉಜ್ಜಿದ, ಕಾಲು ಮಡಚಿಕೊಂಡ. ಅಂಕಿ ಅಲ್ಲೇ ನಿಂತಿತು. ಮಗಳು ಅವನ ಟೋಪಿಗೆ ಗಲ್ಲ ತಾಗಿಸಿ ಕಣ್ಣು ಮುಚ್ಚಿದಳು. ಅಳಿಯಂದಿರು ಮಂಡಿಯೂರಿ ಮಗನ ಮುಖದ ಎತ್ತರಕ್ಕೆ ಕೂತರು.

ಆಗ ಒಂದು ಸದ್ದು ಬಂತು. ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡ ಬೆಕ್ಕಿನಮರಿ ಕೂಗಿದಷ್ಟು ಸಣ್ಣದು. ಅಳು ಅಲ್ಲ, ಏನೋ ವಿಚಾರಿಸುತ್ತಿರುವಂತೆ. ಸ್ವಲ್ಪ ಬಿಟ್ಟು ಮತ್ತೆ. ನಾವೆಲ್ಲ ಮಾನಿಟರ್ ನೋಡಿದೆವು. ಅದರದ್ದಲ್ಲ.

"ಸಿಸ್ಟರ್, ಇದು ಇವನೇನಾ?" ಎಂದಳು ಮಗಳು. "ದಿನಾ ಹೀಗೇ ಮಾತಾಡ್ತಿದ್ನಾ?"

ದೊಡ್ಡ ಸಿಸ್ಟರ್ ಬಗ್ಗಿ ಹೊದಿಕೆಯ ಅಂಚು ಸರಿಮಾಡಿದರು.

"ಮಾತಾಡ್ತಿದ್ದ ಅನ್ಸುತ್ತೆ ಕಣಮ್ಮ" ಎಂದರು. "ನಮಗೆ ಕೇಳಿಸ್ತಿರಲಿಲ್ಲ."

ಇನ್ನೊಮ್ಮೆ ಮಾತಾಡುತ್ತಾನೇನೋ ಎಂದು ಅಳಿಯಂದಿರು ಕಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತಂದರು. ನಾವೂ ಕಾದು ನಿಂತೆವು.